ನಾಯಿ ಚೆನ್ನಾಗಿದೆ

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಗುಡಿಸುವ ಯಾದಮ್ಮನಿಗೆ ಗೇಟಿನ ಹತ್ತಿರ ನಾಯಿ ಕಚ್ಚಿತು. ಮೊಣಕೈ ಕೆಳಗೆ ಎರಡು ಹಲ್ಲಿನ ಗುರುತು, ಸ್ವಲ್ಪ ರಕ್ತ. ನಾನು ಕೆಳಗಿಳಿದು ಬರುವಷ್ಟರಲ್ಲಿ ಐದಾರು ಜನ ಸುತ್ತ ನಿಂತು ಪಂಚಾಯಿತಿ ಮಾಡುತ್ತಿದ್ದರು. ಒಬ್ಬರು ಅರಿಶಿನ ಅಂದರು, ಇನ್ನೊಬ್ಬರು ಸುಣ್ಣ ಅಂದರು. ಗೇಟು ಕಾಯುವವನು ಮಾತ್ರ ನಗುತ್ತ ತೆಲುಗಿನಲ್ಲಿ, "ಮನ ಕುಕ್ಕೇ ಅಮ್ಮಾ, ರೋಜೂ ಚೂಸ್ತುನ್ನಾಂ ಕದಾ, ಏಂ ಕಾದು" ಅಂದ. ನಮ್ಮದೇ ನಾಯಿ, ದಿನಾ ನೋಡುತ್ತಲೇ ಇದ್ದೇವೆ, ಏನೂ ಆಗುವುದಿಲ್ಲ ಎಂದು. ಆ ಮಾತಿಗೆ ನಾನು ಅವನ ಮೇಲೆ ಹರಿಹಾಯ್ದ ರೀತಿಗೆ ಪಾಪ ಅವನು ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಯಾದಮ್ಮನ ಕೈ ಹಿಡಿದು ನಲ್ಲಿಯ ಕೆಳಗೆ ಎಳೆದೆ. ಅಲ್ಲೇ ಗೋಡೆಯ ಮೇಲೆ ಅವಳು ಇಟ್ಟುಕೊಂಡಿದ್ದ ಕೆಂಪು ಸಾಬೂನಿನ ತುಂಡು ತೆಗೆದುಕೊಂಡು ಗಾಯಕ್ಕೆ ಉಜ್ಜಿದೆ. ಆ ಖಾರವಾದ ವಾಸನೆ ಮೂಗಿಗೆ ಬಡಿದದ್ದೇ ತಡ, ಇನ್ನಷ್ಟು ಜೋರಾಗಿ ಉಜ್ಜತೊಡಗಿದೆ.

ಆ ಕೆಂಪು ಸಾಬೂನು ನಮ್ಮ ಮನೆಯೊಳಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಅಂಗಡಿಯಲ್ಲೂ ಆ ಕಡೆ ಕೈ ಚಾಚುವುದಿಲ್ಲ. ಸಾಬೂನಿನ ತಪ್ಪೇನೂ ಇಲ್ಲ. ಆ ವರ್ಷ ನಾವು ಸರಿಯಾಗಿ ಮಾಡಿದ ಕೆಲಸ ಅಂತ ಇದ್ದರೆ ಅದೊಂದೇ.

ಆಗ ನನಗೆ ಇಪ್ಪತ್ತೆರಡು. ಹೈದರಾಬಾದಿನಲ್ಲಿ ಕಂಪ್ಯೂಟರಿನ ಗಾಳಿ ಬೀಸುತ್ತಿದ್ದ ಕಾಲ. ನಮ್ಮ ಮನೆಯಿದ್ದ ಮೆಹದಿಪಟ್ಟಣಂನ ಬಸ್‌ ನಿಲ್ದಾಣದಲ್ಲಿ ಒಂದು ಕಂಬವೂ ಬರಿದಾಗಿರುತ್ತಿರಲಿಲ್ಲ. ಮೂರು ತಿಂಗಳಲ್ಲಿ ಸಾಫ್ಟ್‌ವೇರ್‌ ಕಲಿಸುತ್ತೇವೆ ಎನ್ನುವ ಹಾಳೆಗಳು ಒಂದರ ಮೇಲೊಂದು ಅಂಟಿರುತ್ತಿದ್ದವು. ನನ್ನ ಜೊತೆ ಬಿ.ಕಾಂ. ಮುಗಿಸಿದವರೆಲ್ಲ ಆ ಹಾಳೆ ಹಿಡಿದು ಓಡಿದರು. ನನಗೆ ಆ ವಿದ್ಯೆ ತಲೆಗೆ ಹತ್ತಲಿಲ್ಲ. ಆದರೆ ಅವರೆಲ್ಲ ಮುಂದೆ ಕೂತು ಕೆಲಸ ಮಾಡಬೇಕಾದ ಗಾಜಿನ ಕಟ್ಟಡಗಳನ್ನು ಯಾರಾದರೂ ಕಟ್ಟಬೇಕಲ್ಲ. ಲಿಂಗಂಪಲ್ಲಿಯ ಆಚೆ, ಬಂಡೆಗಳನ್ನು ಸಿಡಿಸಿ ಸಮ ಮಾಡಿದ ಜಾಗದಲ್ಲಿ ಅಂಥದೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕೂಲಿಯವರ ಹಾಜರಿ ಬರೆಯುವ ಕೆಲಸ ನನಗೆ ಸಿಕ್ಕಿತು. ತಗಡಿನ ಆಫೀಸು, ಒಂದು ಮೇಜು, ಒಂದು ನೀಲಿ ರಟ್ಟಿನ ಪುಸ್ತಕ. ಮೇಲೆ ಆರನೆಯ ಮಹಡಿಯಲ್ಲಿ ಸಾವಿರ ಕಂಪ್ಯೂಟರು ಬರುತ್ತವಂತೆ, ಕೆಳಗೆ ನಾನು ರೂಲು ದೊಣ್ಣೆ ಇಟ್ಟು ಗೆರೆ ಎಳೆದು ಹೆಸರು ಬರೆಯುತ್ತಿದ್ದೆ.

ಆ ಕೆಲಸ ಕೊಡಿಸಿದ್ದು ಶರಣಪ್ಪ ಕಾಕಾ. ಕೂಲಿಯವರ ಮೇಸ್ತ್ರಿ. ರಕ್ತಸಂಬಂಧ ಏನಿಲ್ಲ, ನನ್ನ ತಾಯಿಯ ತವರೂರಿನವರು, ಸುರಪುರದ ಕಡೆ. ಆದರೆ ನಮ್ಮ ಮನೆಯಲ್ಲಿ ಅವರಿಗೆ ಸ್ವಂತ ಕಾಕಾನಿಗೆ ಕೊಡುವ ಮರ್ಯಾದೆ. ಊರಿಗೆ ಹೋಗಿ ಬಂದಾಗೆಲ್ಲ ನಮಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ತರುವರು. ಅವ್ವ ಕಾಯಿಲೆ ಬಿದ್ದಾಗ ಮೂರು ದಿನ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದರು. ಮೈಲಾರಲಿಂಗನ ಒಕ್ಕಲು, ಹಣೆಯ ತುಂಬ ಭಂಡಾರ, ಅಂದರೆ ಆ ದೇವರ ಅರಿಶಿನ. ಸೊಂಟದಲ್ಲಿ ಅದರದೇ ಒಂದು ಚೀಲ. ನಮ್ಮ ಕಡೆ ಭಂಡಾರ ಎತ್ತಿ ಆಣೆ ಮಾಡಿದರೆ ಮುಗಿಯಿತು, ಆಮೇಲೆ ಸಾಕ್ಷಿ ಕೇಳುವುದಿಲ್ಲ. ಹೊಲದ ಬದುವಿನ ಜಗಳ ಕೂಡ ಹಾಗೆಯೇ ತೀರುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು.

ಕಾಕಾನ ಗುಂಪಿನ ನಲವತ್ತು ಜನರೂ ನಮ್ಮ ಕಡೆಯವರೇ. ಅವರಲ್ಲಿ ಸಿದ್ದಮ್ಮ ಎಂಬ ವಿಧವೆ ಒಬ್ಬಳು. ಮಗಳನ್ನು ತಾಯಿಯ ಹತ್ತಿರ ಬಿಟ್ಟು ಬಂದವಳು. ಗಂಡಸರ ಹೆಜ್ಜೆಗೆ ಹೆಜ್ಜೆ ಹಾಕಿ ಕಾಂಕ್ರೀಟಿನ ಬುಟ್ಟಿ ಹೊರುವಳು, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರದು. ಬೆಳಿಗ್ಗೆ ನನ್ನ ಮೇಜಿನ ಮುಂದೆ ಬಂದು, "ಅಕ್ಕಾರ, ನನ್ನ ಹೆಸರು ಚಂದಾಗಿ ಬರೀರಿ ಮತ್ತ, ನಿನ್ನೆ ಡೊಂಕಾಗಿತ್ತು" ಎನ್ನುವಳು. ಓದಲು ಬಾರದವಳಿಗೆ ಡೊಂಕು ಹೇಗೆ ಗೊತ್ತಾಯಿತು ಎಂದು ಕೇಳಿದರೆ, "ನೋಡಿದ್ರ ತಿಳೀತೈತ್ರಿ, ಅಕ್ಷರ ಆದ್ರೇನು, ಗ್ವಾಡಿ ಆದ್ರೇನು" ಎನ್ನುವಳು. ನನಗೆ ಸಿದ್ದಮ್ಮನ ಮೇಲೆ ಪ್ರೀತಿಯಿತ್ತು. ಆದರೆ ಅವಳ ಮಾತಿಗೆ ಬೆಲೆ ಕೊಡುತ್ತಿದ್ದೆನೇ ಎಂದು ಕೇಳಿದರೆ ಇವತ್ತು ತಲೆ ತಗ್ಗಿಸಬೇಕು.

ಅಲ್ಲಿ ಮೋತಿ ಎಂಬ ನಾಯಿಯೊಂದಿತ್ತು. ಕಂದು ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ. ಕಬ್ಬಿಣ ಕಾಯುವ ಕಾವಲುಗಾರ ಮಲ್ಲಯ್ಯನ ಜೊತೆಗೆ ಅದೂ ಒಬ್ಬ ಕಾವಲುಗಾರ. ಸಿದ್ದಮ್ಮ ತನ್ನ ಬುತ್ತಿಯಲ್ಲಿ ಅರ್ಧ ರೊಟ್ಟಿ ಅದಕ್ಕೆಂದೇ ಎತ್ತಿಡುವಳು. ಅವಳು ದೂರದಲ್ಲಿ ಕಂಡರೆ ಸಾಕು, ಅದರ ಬಾಲದ ಜೊತೆ ಅರ್ಧ ಮೈ ಅಲ್ಲಾಡುತ್ತಿತ್ತು. ನಾಯಿ ಎಂದರೆ ಮೈಲಾರಲಿಂಗನ ಜೀವ ಎಂದು ಕಾಕಾ ಕೂಡ ಅದರ ಹಣೆಗೆ ಆದಿತ್ಯವಾರ ಭಂಡಾರ ಹಚ್ಚುತ್ತಿದ್ದರು. ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ, ಎಲ್ಲ ಕಂದು ನಾಯಿಗಳೂ ಒಂದೇ.

ಬೇಸಿಗೆಯ ಕೊನೆ. ಮಳೆಗೆ ಮೊದಲು ಆರನೆಯ ಸ್ಲ್ಯಾಬು ಮುಗಿಯಬೇಕು, ಹೊರದೇಶದವರು ನೋಡಲು ಬರುತ್ತಾರೆ ಎಂದು ಇಂಜಿನಿಯರು ಕಾಕಾನ ಬೆನ್ನು ಹತ್ತಿದ್ದ. ಅಂಥ ಒಂದು ಬುಧವಾರ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸಿದ್ದಮ್ಮ ಕೂಗಿದ್ದು ಕೇಳಿ ಓಡಿದೆ. ರೊಟ್ಟಿ ಹಿಡಿದ ಅವಳ ಬಲಗೈಯನ್ನೇ ಮೋತಿ ಕಚ್ಚಿತ್ತು, ಹೆಬ್ಬೆರಳಿನ ಬುಡದಲ್ಲಿ ಆಳವಾಗಿ. ರೊಟ್ಟಿ ಅಲ್ಲೇ ಬಿದ್ದಿತ್ತು, ನಾಯಿ ಅದನ್ನು ಮುಟ್ಟದೆ ದೂರ ಹೋಗಿ ನಿಂತಿತ್ತು.

"ಎಲ್ಡು ದಿನ ಆತ್ರಿ ಅಕ್ಕಾರ, ರೊಟ್ಟಿ ತಿನವಲ್ದು. ಬಾಯಾಗಿಟ್ಟು ನೋಡೋಣಂತ ಹ್ವಾದೆ" ಎಂದಳು. ನೋವಿಗಿಂತ ಹೆಚ್ಚು ಅವಮಾನ ಅವಳ ಮುಖದಲ್ಲಿತ್ತು. ಯಾರೋ ಗಾಯಕ್ಕೆ ಹಚ್ಚಲು ಖಾರಪುಡಿ ತಂದರು. ನನ್ನ ಅಪ್ಪ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದರು. ನಾಯಿ ಕಚ್ಚಿದರೆ ಮೊದಲು ಸಾಬೂನು, ಆಮೇಲೆ ಸೂಜಿ, ದೇವರು ಅದಾದ ಮೇಲೆ ಎಂದು ಅವರು ಮನೆಯಲ್ಲಿ ಹೇಳುತ್ತಿದ್ದದ್ದು ನೆನಪಿತ್ತು. ಆ ಖಾರಪುಡಿಯನ್ನು ಆಚೆ ಚೆಲ್ಲಿ, ಸ್ಲ್ಯಾಬಿಗೆ ನೀರುಣಿಸುವ ಪೈಪಿನ ಕೆಳಗೆ ಅವಳ ಕೈ ಹಿಡಿದು, ಕೂಲಿಯವರ ಕೆಂಪು ಸಾಬೂನಿನಿಂದ ಕಾಲು ಗಂಟೆ ತೊಳೆದೆ. "ಸಾಕ್ರಿ ಅಕ್ಕಾರ, ತೊಗಲ ಕಿತ್ತ ಬರ್ತೈತಿ" ಎಂದು ಅವಳು ಅಳುತ್ತಲೇ ನಕ್ಕಳು. ನಾನು ಬಿಡಲಿಲ್ಲ.

ಕಾಕಾ ಬಂದು ಗಾಯ ನೋಡಿದರು. ಚೀಲಕ್ಕೆ ಕೈ ಹಾಕಿ ಭಂಡಾರ ತೆಗೆದು ಅವಳ ಹಣೆಗೆ ಹಚ್ಚಿ, "ಏಳುಕೋಟಿ ಏಳುಕೋಟಿಗೋ" ಎಂದು ದೇವರ ಜಯಘೋಷ ಹಾಕಿದರು. "ಮೈಲಾರನ ನಾಯಿಗೆ ಹುಚ್ಚು ಹಿಡಿಯಂಗಿಲ್ಲ, ಅಂಜಬ್ಯಾಡ" ಎಂದರು. ನಾನು ಹಟ ಹಿಡಿದೆ, ಆಸ್ಪತ್ರೆಗೆ ಹೋಗಲೇಬೇಕು ಎಂದು. ಸಿದ್ದಮ್ಮನಿಗೆ ಕಚ್ಚಿದ ನಾಯಿಗಿಂತ ಸೂಜಿಯ ಭಯ ದೊಡ್ಡದು. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುತ್ತಾರೆ ಎಂಬ ಕತೆ ಕೇಳದವರು ಯಾರಿದ್ದರು ಆಗ? "ತೋಳಿಗಷ್ಟ ಹಾಕತಾರ ಈಗ, ಅಪ್ಪ ಹೇಳ್ಯಾರ" ಎಂದು ನಾನು ಅವಳನ್ನು ಒಪ್ಪಿಸಿದೆ. ಆ ಹೊತ್ತಿಗೇ ಸಿಮೆಂಟಿನ ಲಾರಿ ಬಂತು, ಮೂಟೆ ಎಣಿಸಲು ನಾನು ಉಳಿಯಬೇಕಾಯಿತು. ಕಾಕಾನೇ ಅವಳನ್ನು ಆಟೊದಲ್ಲಿ ಕೂರಿಸಿಕೊಂಡು ಊರೊಳಗಿನ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದರು. ಆ ಲಾರಿ ಅರ್ಧ ಗಂಟೆ ತಡವಾಗಿ ಬಂದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಸಂಜೆ ಇಬ್ಬರೂ ಮರಳಿದರು. ತೋಳಿಗೆ ಒಂದು ಸೂಜಿ ಆಗಿತ್ತು, ಗಾಯದ ಸುತ್ತ ಹಾಕುವ ಇನ್ನೇನೋ ಔಷಧಿಗೆ ಮಾತ್ರ ಮತ್ತೊಂದು ದಿನ ಬರಬೇಕಂತೆ. ಸಿದ್ದಮ್ಮನಿಗೆ ತೆಲುಗು ಬಾರದು, ಹಿಂದಿ ಅಲ್ಪಸ್ವಲ್ಪ. ಡಾಕ್ಟರು ಏನು ಹೇಳಿದರು ಎಂಬುದನ್ನು ಅವಳಿಗೂ ನನಗೂ ಕನ್ನಡದಲ್ಲಿ ಹೇಳಿದವರು ಕಾಕಾ.

"ಹತ್ತು ದಿನ ನಾಯಿ ಕಟ್ಟಿ ಹಾಕ್ರಿ ಅಂದ್ರವ್ವ. ನಾಯಿ ಹತ್ತು ದಿನ ಚಲೋ ಇತ್ತಂದ್ರ ಮುಂದ ಸೂಜಿ ಬ್ಯಾಡ. ನಾಯಿ ಸತ್ತರ ಅಷ್ಟ ಬರ್ರಿ ಅಂದ್ರು."

"ಚೀಟಿ ಕೊಟ್ಟಿರಬೇಕಲ್ಲ ಕಾಕಾ, ಮುಂದಿನ ತಾರೀಖಿಂದು?"

"ನನ್ನ ಕಿಸೇದಾಗ ಐತಿ. ನೀ ಒಂದು ಕೆಲಸ ಮಾಡು, ಗಿರಿಜವ್ವ. ದಿನಾ ಮುಂಜಾನೆ ನಾಯಿ ನೋಡಿ ನಿನ್ನ ಪುಸ್ತಕದಾಗ ಬರದಿಡು. ದೂರ ನಿಂತು ನೋಡು ಮತ್ತ, ಹತ್ರ ಹೋಗಬ್ಯಾಡ."

ನನ್ನ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ. ಆ ರಾತ್ರಿ ಊಟದ ಹೊತ್ತಿಗೆ ಹೇಳಿದಾಗ ಅಪ್ಪ ಅನ್ನ ಕಲೆಸುವುದು ನಿಲ್ಲಿಸಿದರು. "ನಾಯಿನೂ ನೋಡಬೇಕು, ಸೂಜಿನೂ ಹಾಕಿಸಬೇಕು. ಒಂದರ ಸಲುವಾಗಿ ಒಂದು ಬಿಡೂದಲ್ಲ. ಮೂರನೇ ದಿನ, ಏಳನೇ ದಿನ ಹೋಗಲೇಬೇಕು" ಎಂದರು. ಮರುದಿನ ಅದನ್ನೇ ಕಾಕಾನಿಗೆ ಹೇಳಿದೆ. ಅವರು ನಕ್ಕರು. "ನಿಮ್ಮಪ್ಪ ಡಬ್ಬಿಗೆ ಚೀಟಿ ಅಂಟಸಾಂವ. ಡಾಕ್ಟರ್ ಯಾವಾಗ ಆದ?" ಎಂದರು. ನಾನೂ ನಕ್ಕೆ. ಅಪ್ಪನ ಮಾತು ಹಿಡಿದು ನಿಲ್ಲದೆ ಆ ನಗುವಿನ ಜೊತೆ ನಕ್ಕದ್ದಕ್ಕೆ ನನಗೆ ಕ್ಷಮೆ ಇಲ್ಲ.

ಮೂರನೆಯ ದಿನ ಶನಿವಾರ, ಸ್ಲ್ಯಾಬಿನ ದಿನ. ಕಾಂಕ್ರೀಟು ಒಮ್ಮೆ ಸುರಿಯಲು ಶುರುವಾದರೆ ಮುಗಿಯುವವರೆಗೆ ನಿಲ್ಲಿಸುವಂತಿಲ್ಲ. ನಲವತ್ತು ಜನರಲ್ಲಿ ಒಬ್ಬರೂ ಕದಲುವಂತಿಲ್ಲ. ಕಾಕಾ ತೆಂಗಿನಕಾಯಿ ಒಡೆದರು, ಮಿಕ್ಸರು ತಿರುಗಿತು. ಸಿದ್ದಮ್ಮ ಬಲಗೈಗೆ ಬಟ್ಟೆ ಸುತ್ತಿಕೊಂಡು ಬುಟ್ಟಿ ದಾಟಿಸಿದಳು. ಸೂಜಿಯ ಮಾತೆತ್ತಿದರೆ, "ಕಾಕಾರು ಹೇಳ್ಯಾರಲ್ರಿ, ನಾಯಿ ಚಲೋ ಇದ್ರ ಬ್ಯಾಡ ಅಂತ" ಎಂದು ಹಗುರಾದಳು. ಕೆಳಗೆ ಪಾರ್ಕಿಂಗಿನ ಕಂಬಕ್ಕೆ ನಾಯಿಯನ್ನು ಕಟ್ಟಿದ್ದರು. ನಾನು ಇಪ್ಪತ್ತು ಹೆಜ್ಜೆ ದೂರ ನಿಂತು ನೋಡಿದೆ. ಮೂಲೆಯ ಕತ್ತಲಲ್ಲಿ ಮಲಗಿತ್ತು. ಪುಸ್ತಕದ ಅಂಚಿನಲ್ಲಿ ಬರೆದೆ: ಮೂರನೇ ದಿನ. ನಾಯಿ ಚೆನ್ನಾಗಿದೆ.

ಐದನೆಯ ದಿನ ನೋಡಿದಾಗ ಎದ್ದು ನಿಂತಿತ್ತು, ಮೊದಲಿಗಿಂತ ಚುರುಕಾಗಿ. ನನಗೆ ಖುಷಿಯಾಯಿತು. ಚೆನ್ನಾಗಿದೆ ಎಂದು ಬರೆದು, ಸಿದ್ದಮ್ಮನಿಗೂ ಹೇಳಿದೆ. ಆರನೆಯ ದಿನ ಅವಳು ತಡೆಯಲಾರದೆ ಅರ್ಧ ರೊಟ್ಟಿ ಹಿಡಿದು ಪಾರ್ಕಿಂಗಿಗೆ ಹೋಗಿ, ದೂರದಿಂದ ಎಸೆದು ಬಂದಳು. ನನ್ನ ಮೇಜಿನ ಹತ್ತಿರ ಬಂದಾಗ ಮುಖ ಬಾಡಿತ್ತು.

"ಅಕ್ಕಾರ, ಮೋತಿ ನನ್ನ ನೋಡಿ ಬಾಲ ಅಳ್ಳಾಡಸಲಿಲ್ರಿ."

"ಕಟ್ಟಿ ಹಾಕೀವಲ್ಲ, ಸಿಟ್ಟು ಬಂದಿರತೈತಿ" ಎಂದೆ.

"ರೊಟ್ಟಿ ತಿಂತ್ರಿ. ಆದ್ರ ಗುರುತಾ ಹಿಡೀಲಿಲ್ಲ. ಬ್ಯಾರೆ ಮಂದೀನ ನೋಡಿದಂಗ ನೋಡ್ತು."

ನಾನು ತಲೆಯೆತ್ತದೆ ಗೆರೆ ಎಳೆಯುತ್ತಿದ್ದೆ. ಆದರೂ ಮನಸ್ಸಿನಲ್ಲಿ ಎಲ್ಲೋ ಕಡ್ಡಿ ಆಡಿಸಿದಂತಾಗಿರಬೇಕು, ಮಧ್ಯಾಹ್ನ ಕಾಕಾನನ್ನು ನಗುನಗುತ್ತಲೇ ಕೇಳಿದೆ, "ಅದು ಮೋತಿನೇ ಹೌದಲ್ಲ ಕಾಕಾ? ಸಿದ್ದಮ್ಮ ಏನೇನರ ಅಂತಾಳ" ಎಂದು. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸೊಂಟದ ಚೀಲ ಬಿಚ್ಚಿ ಮುಷ್ಟಿ ತುಂಬ ಭಂಡಾರ ಎತ್ತಿ ಹಿಡಿದರು.

"ಮೈಲಾರಲಿಂಗನ ಆಣಿ. ಅದು ಮೋತಿನ. ಸಾಕೇನು?"

ನನಗೆ ನಾಚಿಕೆಯಾಯಿತು. ಒಬ್ಬ ಹಿರಿಯ ಮನುಷ್ಯನಿಂದ ಆಣೆ ಮಾಡಿಸಿಬಿಟ್ಟೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅವರ ಕೈಯಿಂದ ಉದುರಿದ ಅರಿಶಿನ ನನ್ನ ಪುಸ್ತಕದ ಮೇಲೂ ಬಿತ್ತು, ಅದನ್ನು ಬೆರಳಲ್ಲಿ ತೆಗೆದು ಹಣೆಗೆ ಇಟ್ಟುಕೊಂಡೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಶಾಲೆಯಲ್ಲಿ ಹತ್ತು ಸಲ ಬರೆದವಳು ನಾನು. ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ಒಂದು ನಾಯಿಯ ಮುಖ ನೋಡಲಿಲ್ಲ. ಏಳನೆಯ ದಿನ ಹೋಯಿತು, ಹತ್ತನೆಯ ದಿನವೂ ಹೋಯಿತು. ನಾಯಿ ಚೆನ್ನಾಗಿದೆ ಎಂದು ಕೊನೆಯ ಸಾಲು ಬರೆದು ಕೆಳಗೆ ಎರಡು ಗೆರೆ ಎಳೆದೆ. ಕಾಕಾ ಸಕ್ಕರೆ ಹಂಚಿದರು.

ಆ ವರ್ಷ ಮಳೆ ಹುಯ್ಯಬಾರದ ಹಾಗೆ ಹುಯ್ಯಿತು. ಅಗೆದಲ್ಲೆಲ್ಲ ಕೆಂಪು ನೀರು, ತಗಡಿನ ಆಫೀಸಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು. ಕಚ್ಚಿ ಆರು ವಾರವಾಗಿರಬಹುದು, ಗಾಯ ಮಾಯ್ದು ಕಲೆಯಾಗಿತ್ತು. ಆ ಕಲೆಯ ಸುತ್ತ ಇರುವೆ ಹರಿದ ಹಾಗಾಗುತ್ತದೆ ಎಂದು ಸಿದ್ದಮ್ಮ ಎರಡು ದಿನ ಕೈ ಉಜ್ಜಿಕೊಂಡಳು. ಜ್ವರ ಬಂತು. ಸಿಮೆಂಟಿನ ಕೈ, ಮಳೆಯ ಜ್ವರ ಎಂದುಕೊಂಡೆವು. ಮೂರನೆಯ ದಿನ ಬೆಳಿಗ್ಗೆ ಹಾಜರಿಗೆ ಬರಲಿಲ್ಲ. ನಾನು ಅವಳ ಗುಡಿಸಲಿಗೆ ಹೋದೆ. ಮೂಲೆಯಲ್ಲಿ ಕೂತಿದ್ದಳು, ತುಟಿ ಒಣಗಿತ್ತು. ನೀರು ಬೇಕೇ ಎಂದು ಲೋಟ ಹಿಡಿದೆ. ಬೇಕು ಎಂದು ಕೈ ಚಾಚಿದವಳು ಬಾಯಿಯ ಹತ್ತಿರ ತರುತ್ತಲೇ ಗಂಟಲು ಹಿಡಿದುಕೊಂಡು ಲೋಟ ಬೀಸಿ ಒಗೆದಳು. ಹೊರಗೆ ಮಳೆಯ ಎರಚಲು ಬಾಗಿಲಿನಿಂದ ಒಳಗೆ ಬಂದರೆ ಗೋಡೆಗೆ ಅಂಟಿಕೊಂಡು ಚೀರಿದಳು.

ಆಟೊದ ಎರಡೂ ಕಡೆ ಗೋಣಿ ಕಟ್ಟಿ, ಅವಳ ಮುಖಕ್ಕೆ ಸೆರಗು ಮುಚ್ಚಿ, ಆಸ್ಪತ್ರೆಗೆ ಕರೆದೊಯ್ದೆ. ಕಾಕಾ ಎಲ್ಲಿ ಎಂದರೆ ಸಾಮಾನು ತರಲು ಹೋಗಿದ್ದಾರೆ ಎಂದರು. ದಣಿದ ಕಣ್ಣಿನ ಒಬ್ಬ ಡಾಕ್ಟರಮ್ಮ ಅವಳನ್ನು ನೋಡಿ, ಕೈಯ ಕಲೆ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಸೂಜಿ ಐದೂ ಆಗಿದ್ದವಾ?"

"ಒಂದೇ ಆದದ್ದು ಮೇಡಂ. ಆದರೆ ನಾಯಿ ಬದುಕಿದೆ. ಹತ್ತು ದಿನ ನಾನೇ ನೋಡಿ ಬರೆದಿದ್ದೇನೆ" ಎಂದೆ. ಹೇಳುವಾಗ ನನ್ನ ದನಿಯಲ್ಲಿ ಹೆಮ್ಮೆ ಇತ್ತು. ಈಗ ಅದನ್ನು ನೆನೆದರೆ ನಾಲಿಗೆ ಕಿತ್ತುಕೊಳ್ಳಬೇಕೆನಿಸುತ್ತದೆ.

ಅವರು ನನ್ನನ್ನೇ ನೋಡುತ್ತ, ಹೈದರಾಬಾದಿನ ಆ ಮೆಲ್ಲನೆಯ ಹಿಂದಿಯಲ್ಲಿ, "ವಹೀಚ್ ಕುತ್ತಾ ಥಾ ನಾ, ಅಮ್ಮಾ?" ಎಂದರು. ಅದೇ ನಾಯಿ ತಾನೆ?

ಬಂದ ಮೇಲೆ ಈ ಕಾಯಿಲೆಗೆ ಮದ್ದಿಲ್ಲ, ಬಾರದ ಹಾಗೆ ಮಾತ್ರ ತಡೆಯಬಹುದಿತ್ತು ಎಂದು ಅವರು ಹೇಳಿದರು. ಮೊದಲ ದಿನವೇ ಐದು ತಾರೀಖು ಬರೆದು ಕೊಟ್ಟಿರುತ್ತೇವೆ, ಆ ಚೀಟಿ ಎಲ್ಲಿ ಎಂದು ಕೇಳಿದರು. ಅವಳನ್ನು ಕಿಟಕಿ ಮುಚ್ಚಿದ ಒಂದು ಕೋಣೆಯಲ್ಲಿ ಮಲಗಿಸಿದರು. ನಡುನಡುವೆ ಅವಳಿಗೆ ಪೂರ್ತಿ ಎಚ್ಚರ ಇರುತ್ತಿತ್ತು, ಅದೇ ಸಿದ್ದಮ್ಮ, ಅದೇ ಮಾತು. ಅಂಥ ಒಂದು ಹೊತ್ತಿನಲ್ಲಿ ನನ್ನನ್ನು ಕರೆದಳು.

"ಅಕ್ಕಾರ, ಅದು ಮೋತಿ ಅಲ್ಲರಿ. ನನಗ ಆವತ್ತ ತಿಳೀತು."

"ಹಂಗಾದ್ರ ಯಾಕ ಸುಮ್ನ ಕುಂತಿ, ಸಿದ್ದಮ್ಮ? ಯಾಕ ಜಗಳಾ ತೆಗೀಲಿಲ್ಲ ನನ್ನ ಸಂಗಾಟ?"

"ನೀವು ಪುಸ್ತಕದಾಗ ಬರದಿದ್ರೆಲ್ಲಾ. ಓದಿದವ್ರು ಬರದಿದ್ದು ಸುಳ್ಳಾಕೈತೇನು, ನನ್ನ ಕಣ್ಣ ಸುಳ್ಳಿರಬೇಕು ಅಂದ್ಕೊಂಡೆ" ಎಂದಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ದಿನಕ್ಕೆ ತೀರಿಕೊಂಡಳು. ಊರಿನಿಂದ ಅವಳ ತಾಯಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಸ್ಪತ್ರೆಯಿಂದ ನಾನು ನೇರ ಪಾರ್ಕಿಂಗಿಗೆ ಹೋದೆ. ಮಲ್ಲಯ್ಯ ನನ್ನ ಮುಖ ನೋಡಿದ್ದೇ ಕುಸಿದು ಕೂತ. "ಆ ಕುಕ್ಕ ನಾಲುಗೋ ರೋಜೇ ಚಚ್ಚಿಪೋಯಿಂದಮ್ಮಾ" ಎಂದು ಅಳತೊಡಗಿದ. ನಾಲ್ಕನೆಯ ದಿನವೇ ಸತ್ತಿತ್ತು. ದವಡೆ ಜೋತು, ಜೊಲ್ಲು ಸುರಿಸಿ, ಬೊಗಳಲು ದನಿಯಿಲ್ಲದೆ. ಮೇಸ್ತ್ರಿ ಬಂದು ನೋಡಿ, ಗೋಣಿಯಲ್ಲಿ ಸುತ್ತಿಸಿ ಪಾರ್ಕಿಂಗಿಗೆ ತುಂಬಿಸುತ್ತಿದ್ದ ಮಣ್ಣಿನೊಳಗೆ ಹೂಳಿಸಿದರಂತೆ. ಸ್ಟೇಷನ್ನಿನ ಕಡೆಯಿಂದ ಅದೇ ಬಣ್ಣದ ಇನ್ನೊಂದು ನಾಯಿ ತರಿಸಿ ಅದೇ ಕಂಬಕ್ಕೆ ಕಟ್ಟಿಸಿದರಂತೆ. ಎದೆಯ ಮೇಲೆ ಬಿಳಿ ಮಚ್ಚೆಯಂತೆ ಕಾಣಲೆಂದು ಸುಣ್ಣ ಬಳಿದಿದ್ದರಂತೆ. ಹೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿದೆ ಎಂದ. ಅವನ ಕೈಯಲ್ಲೂ ಮೋತಿ ತರಚಿದ ಗುರುತಿತ್ತು.

ಆದಿತ್ಯವಾರ ಬೆಳಿಗ್ಗೆ ಕಾಕಾ ಮೆಹದಿಪಟ್ಟಣಂನ ನಮ್ಮ ಮನೆಗೆ ಬಂದರು. ಹೊಸ್ತಿಲ ಹೊರಗೇ ಕೂತರು. ಅವ್ವ ಅಭ್ಯಾಸದಂತೆ ಚಹಾ ಇಟ್ಟಳು, ಯಾರೂ ಕುಡಿಯಲಿಲ್ಲ. ಅವರು ಅತ್ತರು, ಅದು ನಿಜವಾದ ಅಳುವೇ. ಹುಚ್ಚು ನಾಯಿ ಎಂಬ ಸುದ್ದಿ ಹಬ್ಬಿದ್ದರೆ ಅಂದೇ ಮಂದಿ ಗಂಟು ಕಟ್ಟುತ್ತಿದ್ದರು, ಕೆಲಸ ಬೇರೆ ಮೇಸ್ತ್ರಿಯ ಕೈಗೆ ಹೋಗುತ್ತಿತ್ತು, ಭಂಡಾರ ಹಚ್ಚಿದ್ದೇನಲ್ಲ, ಏನೂ ಆಗದು ಎಂದು ನಂಬಿದ್ದೆ ಎಂದರು. ನಾನು ಕರಗುತ್ತಿದ್ದೆನೇನೋ. ಅಷ್ಟರಲ್ಲಿ ಕಣ್ಣೊರೆಸಿಕೊಂಡು ಕೇಳಿದರು:

"ಆ ಪುಸ್ತಕ ಎಲ್ಲೈತಿ, ಗಿರಿಜವ್ವ? ನಾಯಿದು ಬರದ ಹಾಳಿ ಹರದು ಬಿಡು."

"ಯಾಕ?"

"ನಾಳೆ ಯಾರರ ಕೇಳಿದ್ರ? ನಿನ್ನ ಒಳ್ಳೇದಕ್ಕ ಹೇಳ್ತೀನಿ. ಬರದಾಕಿ ನೀನು. ನನ್ನ ಸಹಿ ಎಲ್ಲರ ಐತೇನು ಅದರಾಗ?"

ದಿನಾ ಬರೆದಿಡು ಎಂದು ಹೇಳಿದ್ದು ಯಾತಕ್ಕೆ ಎಂದು ಆಗ ಅರ್ಥವಾಯಿತು. ಅಥವಾ ಮೊದಲ ದಿನ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರೋ, ಆಮೇಲೆ ಅದು ಅವರಿಗೆ ಅನುಕೂಲವಾಯಿತೋ, ಇವತ್ತಿಗೂ ನನಗೆ ತಿಳಿದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಅವ್ವನಿಗಾಗಿ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ಅದೇ ಮನುಷ್ಯ ಇವರು.

"ಭಂಡಾರ ಎತ್ತಿ ಆಣಿ ಮಾಡಿದ್ರಿ ಕಾಕಾ."

"ಮೈಲಾರಲಿಂಗನ ಹತ್ರ ನಾ ಏನರ ಹೇಳ್ಕೋತೀನಿ" ಎಂದರು ಎದ್ದು ನಿಂತು. "ನೀ ನಿನ್ನ ಅಕ್ಷರ ನೋಡ್ಕೋ."

ಅಪ್ಪ ಚಹಾದ ಲೋಟ ಎತ್ತಿ ಹಿತ್ತಲಿಗೆ ಚೆಲ್ಲಿದರು.

ಹಾಳೆ ಹರಿಯಲಿಲ್ಲ. ಮಾರನೆಯ ದಿನ ಇಂಜಿನಿಯರಿಗೆ ತೋರಿಸಿದೆ. ಅವನು ನಿಟ್ಟುಸಿರು ಬಿಟ್ಟು, ಆದದ್ದು ಆಯಿತು, ಏಳನೆಯ ಸ್ಲ್ಯಾಬಿನ ತಯಾರಿ ನೋಡು ಎಂದ. ಆಗ ಬುತ್ತಿಯ ಹೊತ್ತಿಗೆ ಎಲ್ಲರನ್ನೂ ಕೂರಿಸಿ ಪುಸ್ತಕ ಓದಿದೆ. ಹತ್ತು ಸಾಲು, ಹತ್ತು ಸಲ ನಾಯಿ ಚೆನ್ನಾಗಿದೆ. ಆಮೇಲೆ, ಇದರಲ್ಲಿ ನಾಲ್ಕನೆಯ ದಿನದಿಂದ ಮುಂದಿನದೆಲ್ಲ ಸುಳ್ಳು, ಬರೆದವಳು ನಾನು ಎಂದೆ. ಮೋತಿಯ ಜೊಲ್ಲು ತಾಕಿದವರು, ಅದು ತರಚಿದವರು ಯಾರಿದ್ದೀರಿ ಎಂದು ಕೇಳಿದೆ. ಮಲ್ಲಯ್ಯನೂ ಇನ್ನು ನಾಲ್ವರೂ ಎದ್ದರು. ಐವರನ್ನೂ ಬಸ್ಸಿನಲ್ಲಿ ಕರೆದೊಯ್ದೆ, ಐದೂ ಸಲ, ಹಾಜರಿ ಬರೆಯುವುದು ಬಿಟ್ಟು. ಅವರೆಲ್ಲ ಉಳಿದರು.

ಕಾಕಾನ ಗತಿ ಏನಾಯಿತು ಎಂದು ಕೇಳುವಿರಿ. ಏನೂ ಆಗಲಿಲ್ಲ. ಮುಂದಿನ ತಿಂಗಳು ಪಕ್ಕದಲ್ಲೇ ಇನ್ನೊಂದು ಗಾಜಿನ ಕಟ್ಟಡ ಹಿಡಿದರು. ಸಿದ್ದಮ್ಮನ ಜೊತೆ ಒಂದೇ ಗುಡಿಸಲಿನಲ್ಲಿದ್ದ ಹೆಂಗಸರೂ ಸೇರಿ ಹೆಚ್ಚುಕಡಿಮೆ ಎಲ್ಲರೂ ಅವರ ಹಿಂದೆ ಹೋದರು. ನನಗೆ ಅದೂ ಚುಚ್ಚಿತು. ಹೋಗುವಾಗ ಒಬ್ಬಳು, "ಏನ್ ಮಾಡೂದ್ರಿ ಅಕ್ಕಾರ, ಕೆಲಸ ಅವರ ಕೈಯಾಗ ಐತಿ" ಎಂದು ನನ್ನ ಕೈ ಹಿಡಿದಳು. ನಾನು ಕೆಲಸ ಬಿಟ್ಟೆ. ನೀಲಿ ರಟ್ಟಿನ ಪುಸ್ತಕ ನನ್ನ ಜೊತೆ ಬಂತು. ಈಗಲೂ ಕಪಾಟಿನಲ್ಲಿದೆ, ಆರನೆಯ ದಿನದ ಹಾಳೆಯ ಮೇಲೆ ಅರಿಶಿನದ ಕಲೆ ಇನ್ನೂ ಹೋಗಿಲ್ಲ.

ಯಾದಮ್ಮನ ಕೈ ತೊಳೆಯುತ್ತ ನಾನು ಇಷ್ಟೆಲ್ಲ ಅವಳಿಗೆ ಹೇಳಲಿಲ್ಲ. ಅವಳು ಮಾತ್ರ, "ಚಾಲಮ್ಮಾ, ತೋಲು ಊಡುತುಂದಿ" ಎಂದಳು. ಸಾಕು, ಚರ್ಮ ಸುಲಿಯುತ್ತದೆ ಎಂದು. ನಾನು ಬಿಡಲಿಲ್ಲ. ಆಟೊ ನಿಲ್ಲಿಸಿ ಅವಳ ಜೊತೆ ನಾನೇ ಹೋದೆ, ಡಾಕ್ಟರು ಹೇಳಿದ್ದನ್ನು ನನ್ನ ಕಿವಿಯಿಂದಲೇ ಕೇಳಿದೆ, ಗಾಯದ ಸುತ್ತ ಹಾಕುವ ಔಷಧಿಯನ್ನು ಅಂದೇ ಹಾಕಿಸಿದೆ. ಉಳಿದ ತಾರೀಖಿನ ಚೀಟಿಯನ್ನು ಅವಳ ಕೈಗೇ ಕೊಟ್ಟು, ಒಂದೊಂದು ತಾರೀಖನ್ನೂ ಅವಳ ಬಾಯಿಂದ ಹೇಳಿಸಿದೆ.

ಮೊನ್ನೆ ಕೊನೆಯ ಸೂಜಿ ಹಾಕಿಸಿಕೊಂಡು ಇಬ್ಬರೂ ಮರಳಿದೆವು. ಗೇಟು ಕಾಯುವವನು ಗೆದ್ದವನಂತೆ ನಗುತ್ತ ಎದುರು ಬಂದ. "ಆ ನಾಯಿ ಅಲ್ಲೇ ಮಲಗಿದೆ ಅಮ್ಮಾ, ಚೆನ್ನಾಗಿದೆ, ಬೇಕಾದರೆ ನೋಡಿ" ಎಂದು ತೆಲುಗಿನಲ್ಲಿ ಹೇಳುತ್ತ ಕಾಂಪೌಂಡಿನ ಕಡೆ ಕೈ ತೋರಿಸಿದ. ನಾನು ಆ ಕಡೆ ತಿರುಗಲಿಲ್ಲ. ಯಾದಮ್ಮ ತಿರುಗಿ ನೋಡಿದಳು, ಸ್ವಲ್ಪ ಹೊತ್ತು ನೋಡುತ್ತಲೇ ನಿಂತಳು.

"ಇದಿ ಆ ಕುಕ್ಕ ಕಾದಮ್ಮಾ" ಎಂದಳು.

ಆ ನಾಯಿ ಅಲ್ಲ. ಈ ಸಲ ನಾನು ಅವಳ ಮಾತನ್ನು ನಂಬಿದೆ.